ಕಾಲೇಜು ಫುಟ್‌ಬಾಲಿನ ನಡುವೆ ಪತ್ತೇದಾರಿ: ಯಾವ ಹುಡುಗಿಯ ಹಿಂದೆ ಹೋಗೋಣ?

ಅಮೆರಿಕದ ಟೀವಿಯಲ್ಲಿ ಬಂದ ಹುಡುಗ-ಹುಡುಗಿಯರ ಪತ್ತೇದಾರಿ ಕಥೆ ಬೇಕು, ಹಿನ್ನೆಲೆಯಲ್ಲಿ ಕಾಲೇಜು ಫುಟ್‌ಬಾಲ್ ಇರಬೇಕು ಎಂದು ಹುಡುಕಲು ಹೊರಟವರ ಕೈಗೆ ಸಿಗುವುದು ಮೂರೇ ಮೂರು. ಪತ್ತೇದಾರಿ ಅಣ್ಣತಮ್ಮಂದಿರಾದ ಹಾರ್ಡಿಗಳದೂ ಪತ್ತೇದಾರಿ ಹುಡುಗಿ ನ್ಯಾನ್ಸಿಯದೂ ಸೇರಿದ 1977ರ 'ಹಾರ್ಡಿ ಬಾಯ್ಸ್/ನ್ಯಾನ್ಸಿ ಡ್ರೂ ಮಿಸ್ಟರೀಸ್' ಸರಣಿಯ 'ಸಾಲಿಡ್ ಗೋಲ್ಡ್ ಕಿಕ್ಕರ್' ಎಂಬ ಕಂತು ಒಂದು. 2002ರಲ್ಲಿ ಎಬಿಸಿ ವಾಹಿನಿಗೆಂದೇ ತೆಗೆದ 'ನ್ಯಾನ್ಸಿ ಡ್ರೂ' ಟೀವಿ ಸಿನಿಮಾ ಇನ್ನೊಂದು. ಕಾಲೇಜು ಮತ್ತು ಆಟ ಇದ್ದರೆ ಸಾಕು, ಚೆಂಡು ಯಾವುದಾದರೂ ಸರಿ ಎನ್ನುವವರಿಗೆ 'ವೆರೋನಿಕಾ ಮಾರ್ಸ್' ಸರಣಿಯ ಮೂರನೇ ಸೀಸನ್.

ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಒಂದು ನೋಡುವಷ್ಟು ಪುರಸೊತ್ತು ಇದ್ದರೆ 1977ರದ್ದನ್ನು ನೋಡಿ. ಪತ್ತೇದಾರಿಕೆಯ ಕಸುಬಿನಲ್ಲಿ ಅದು ಮೂರರಲ್ಲಿ ಮೇಲಿನದಲ್ಲ, ವೆರೋನಿಕಾ ಅದಕ್ಕಿಂತ ಎಷ್ಟೋ ಚುರುಕು. ಆದರೆ ಫುಟ್‌ಬಾಲ್ ಬರೀ ಪರದೆಯಾಗಿ ನೇತುಬಿದ್ದಿರದೆ, ಕಥೆಯ ಮಧ್ಯದಲ್ಲಿ ನಿಂತಿರುವ ಮನುಷ್ಯನಿಗೇ ಅಂಟಿಕೊಂಡಿರುವುದು ಅದೊಂದರಲ್ಲಿ ಮಾತ್ರ. ಮನೆಯಲ್ಲಿ ಹನ್ನೆರಡು-ಹದಿಮೂರರ ಮಕ್ಕಳಿದ್ದರೆ ಲೆಕ್ಕ ಬೇರೆಯಾಗುತ್ತದೆ, ಅದನ್ನು ಆಮೇಲೆ ನೋಡೋಣ.

ಕಿಕ್ಕರ್ ಅಂದರೆ ಯಾರು, ಅವನ ಕಾಲಿಗೇಕೆ ಚಿನ್ನದ ಬೆಲೆ

ಕ್ರಿಕೆಟ್ಟಿನಲ್ಲಿ ಮುಳುಗಿ ಬೆಳೆದ ನಮಗೆ ಈ ಆಟದ ಒಂದೆರಡು ಸಂಗತಿ ಗೊತ್ತಿಲ್ಲದಿದ್ದರೆ ಆ ಕಂತಿನ ಹೆಸರೇ ಹಾಸ್ಯವಾಗಿ ಕಾಣಬಹುದು. ಅಮೆರಿಕನ್ ಫುಟ್‌ಬಾಲಿನ ಮೈದಾನ ನೂರು ಗಜ ಉದ್ದ. ಚೆಂಡನ್ನು ಹೊತ್ತು ಎದುರಾಳಿಯ ಗಡಿ ದಾಟಿದರೆ ಟಚ್‌ಡೌನ್, 6 ಅಂಕ. ಮುಂದೆ ಹೋಗಲು ದಾರಿಯೇ ಇಲ್ಲ ಎನಿಸಿದಾಗ ಕಿಕ್ಕರ್‌ನನ್ನು ಕರೆಸುತ್ತಾರೆ. ಒಬ್ಬ ಚೆಂಡನ್ನು ಕಾಲ ಸಂದಿಯಿಂದ ಹಿಂದಕ್ಕೆ ಎಸೆಯುತ್ತಾನೆ, ಇನ್ನೊಬ್ಬ ಮಂಡಿಯೂರಿ ಹಿಡಿದು ನಿಲ್ಲಿಸುತ್ತಾನೆ, ಕಿಕ್ಕರ್ ಓಡಿಬಂದು ಒದೆಯುತ್ತಾನೆ. ಎಲ್ಲ ಸೇರಿ ಸುಮಾರು 1.3 ಸೆಕೆಂಡು. ಎರಡು ಕಂಬಗಳ ನಡುವೆ ಚೆಂಡು ಹಾರಿತೋ ಫೀಲ್ಡ್ ಗೋಲ್, 3 ಅಂಕ. ಹಾರಲಿಲ್ಲವೋ, ಎಂಬತ್ತು ಸಾವಿರ ಜನ ಒಬ್ಬನನ್ನೇ ನೋಡುತ್ತಾರೆ.

ಉಳಿದವರು ಅರವತ್ತು ನಿಮಿಷ ಮೈಕೈ ಮುರಿದುಕೊಂಡು ಆಡುತ್ತಾರೆ. ಕಿಕ್ಕರ್ ಬಟ್ಟೆಗೆ ಮಣ್ಣು ಹತ್ತದೆ ಬದಿಯಲ್ಲಿ ಕೂತಿರುತ್ತಾನೆ. ಆದರೂ ಪಂದ್ಯದ ಕೊನೇ ಗಳಿಗೆಯಲ್ಲಿ ಹಣೆಬರಹ ಬರೆಯುವವನು ಅವನೇ. ತಂಡದೊಳಗೇ ಇದ್ದು ತಂಡದವನಲ್ಲದ ಮನುಷ್ಯ. ಪತ್ತೇದಾರಿ ಕಥೆ ಕಟ್ಟುವವರಿಗೆ ಇಂಥವನು ಹುಡುಕಿದರೂ ಸಿಗುವುದಿಲ್ಲ.

ಆ ಕಾಲದ ಕಾಲೇಜು ಕಿಕ್ಕರ್‌ಗಳು ನಿಜಕ್ಕೂ ಸುದ್ದಿಯಲ್ಲಿದ್ದರು. 1976ರ ಅಕ್ಟೋಬರಿನಲ್ಲಿ ಟೆಕ್ಸಾಸಿನ ಅಬಿಲೀನ್ ಕ್ರಿಶ್ಚಿಯನ್ ಎಂಬ ಸಣ್ಣ ಸಂಸ್ಥೆಯ ಓವೆ ಯೊಹಾನ್ಸನ್ 69 ಗಜದಿಂದ ಗೋಲು ಹಾಕಿದ. 1977ರ ಅಕ್ಟೋಬರಿನಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ರಸೆಲ್ ಅರ್ಕ್ಸ್‌ಲೆಬನ್ 67 ಗಜದಿಂದ ಒದ್ದ. ಎರಡು ವಾರ ಕಳೆಯುವಷ್ಟರಲ್ಲಿ ಆರ್ಕನ್ಸಾದ ಸ್ಟೀವ್ ಲಿಟಲ್ ಅಷ್ಟೇ ದೂರದಿಂದ, ಅದೂ ಅದೇ ಟೆಕ್ಸಾಸ್ ತಂಡದ ಎದುರೇ ಒದ್ದ. 67 ಗಜವೆಂದರೆ ಅರವತ್ತು ಮೀಟರಿಗೂ ಮೇಲೆ. ಆಗ ಕಾಲೇಜು ಆಟದಲ್ಲಿ ಚೆಂಡಿನಡಿಗೆ 'ಟೀ' ಎಂಬ ಪುಟ್ಟದೊಂದು ಆಸರೆ ಇಡಲು ಅವಕಾಶವಿತ್ತು, ಕಂಬಗಳ ನಡುವಿನ ಜಾಗವೂ ವೃತ್ತಿಪರ ಆಟಕ್ಕಿಂತ ಅಗಲ. ಆ ಅನುಕೂಲಗಳನ್ನು ಕಳೆದರೂ ಸಾಧನೆ ಸಣ್ಣದೇನಲ್ಲ. ಲಿಟಲ್‌ನನ್ನು 1978ರಲ್ಲಿ, ಅರ್ಕ್ಸ್‌ಲೆಬನ್‌ನನ್ನು 1979ರಲ್ಲಿ ವೃತ್ತಿಪರ ತಂಡಗಳು ಡ್ರಾಫ್ಟಿನ, ಅಂದರೆ ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಏರ್ಪಾಡಿನ, ಮೊದಲ ಸುತ್ತಿನಲ್ಲೇ ಎತ್ತಿಕೊಂಡವು. ಇವತ್ತಿಗೆ ಕಿಕ್ಕರ್‌ನನ್ನು ಮೊದಲ ಸುತ್ತಿನಲ್ಲಿ ಆರಿಸುವ ಮ್ಯಾನೇಜರ್ ಸಿಕ್ಕರೆ ಪತ್ರಿಕೆಗಳು ಅವನನ್ನು ಗೇಲಿ ಮಾಡಿ ಮುಗಿಸುತ್ತವೆ.

ಹಣದ ವಿಚಾರ ಇನ್ನೂ ಸೊಗಸು. ಕಾಲೇಜು ಆಟಗಾರನಿಗೆ ಆಗ ವಿದ್ಯಾರ್ಥಿವೇತನ ಬಿಟ್ಟು ಒಂದು ಬಿಡಿಗಾಸೂ ಮುಟ್ಟುವ ಹಾಗಿರಲಿಲ್ಲ. ಮುಟ್ಟಿದರೆ ಆಡುವ ಅರ್ಹತೆಯೇ ಹೋಗುತ್ತಿತ್ತು. ತನ್ನ ಹೆಸರಿನಿಂದ ದುಡಿಯಲು ಅವನಿಗೆ ಅನುಮತಿ ಸಿಕ್ಕಿದ್ದು 2021ರ ಜುಲೈಯಲ್ಲಿ. ಅಲ್ಲಿಯವರೆಗೆ ಕ್ರೀಡಾಂಗಣ ತುಂಬುತ್ತಿತ್ತು, ಟೀವಿಯವರು ದುಡ್ಡು ಕೊಡುತ್ತಿದ್ದರು, ಕೋಚ್ ಸಂಬಳ ಎಣಿಸುತ್ತಿದ್ದ, ಹಿಂಬಾಗಿಲಲ್ಲಿ ಬೆಟ್ಟಿಂಗಿನವರು ಸುಳಿದಾಡುತ್ತಿದ್ದರು. ಮಧ್ಯದಲ್ಲಿ ಇಪ್ಪತ್ತೊಂದರ ಹುಡುಗ, ಜೇಬಿನಲ್ಲಿ ಏನೂ ಇಲ್ಲ, ಮುಂದಿನ ವರ್ಷ ವೃತ್ತಿಪರ ತಂಡ ಕರೆದರೆ ಲಕ್ಷಾಂತರ ಡಾಲರ್.

ಬೆಟ್ಟಿಂಗಿನ ಬಗ್ಗೆ ಇನ್ನೊಂದು ಮಾತು. ಅಲ್ಲಿ ಯಾರು ಗೆದ್ದರು ಎನ್ನುವುದರ ಮೇಲಷ್ಟೇ ಪಣ ಕಟ್ಟುವುದಿಲ್ಲ, ಎಷ್ಟು ಅಂಕದಿಂದ ಗೆದ್ದರು ಎನ್ನುವುದರ ಮೇಲೂ ಕಟ್ಟುತ್ತಾರೆ. ತಂಡ ಗೆಲ್ಲಲಿ, ಆದರೆ ಅಂತರ ಕಮ್ಮಿಯಾಗಲಿ ಎಂದು ಆಟಗಾರನಿಗೆ ಆಮಿಷ ಒಡ್ಡುವ ದಂಧೆ ಹುಟ್ಟಿದ್ದೇ ಹೀಗೆ. 1978–79ರಲ್ಲಿ ಬಾಸ್ಟನ್ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ನಡೆದ ಹಗರಣ ಅಂಥದ್ದೇ. ಕಿಕ್ಕರ್ ಒಂದಡಿ ಆಚೆ ಒದ್ದರೆ ಅದು ಗಾಳಿಯ ತಪ್ಪೋ, ಕಾಲಿನ ತಪ್ಪೋ, ಜೇಬಿನ ತಪ್ಪೋ ಯಾರಿಗೂ ಗೊತ್ತಾಗದು. ಇಷ್ಟನ್ನು ತಲೆಯಲ್ಲಿಟ್ಟುಕೊಂಡು 1977ರ ಕಂತಿನ ಮುಂದೆ ಕೂತರೆ ಶೀರ್ಷಿಕೆ ಅತಿಯೆನಿಸುವುದಿಲ್ಲ.

1977: ಭಾನುವಾರ ಸಂಜೆ ಏಳರ ನ್ಯಾನ್ಸಿ

ಸರಣಿ ಶುರುವಾದದ್ದು 1977ರ ಜನವರಿ 30ಕ್ಕೆ, ಎಬಿಸಿಯಲ್ಲಿ, ಭಾನುವಾರ ಸಂಜೆ ಏಳಕ್ಕೆ. ಟೀವಿಗೆ ಅಳವಡಿಸಿದವರು ಗ್ಲೆನ್ ಲಾರ್ಸನ್. ಮೊದಲ ಸೀಸನ್ನಿನ ಪದ್ಧತಿ ಸರಳ: ಒಂದು ವಾರ ಹಾರ್ಡಿ ಸಹೋದರರು, ಮರುವಾರ ನ್ಯಾನ್ಸಿ. ಇಬ್ಬರಿಗೂ ಏಳೇಳು ಕಂತು. ಬೆಂಗಳೂರು, ಮೈಸೂರಿನ ಬಾಡಿಗೆ ಲೈಬ್ರರಿಗಳಲ್ಲಿ ಹಳದಿ ಬೆನ್ನಿನ ನ್ಯಾನ್ಸಿ ಪುಸ್ತಕಗಳನ್ನೂ ನೀಲಿ ಬೆನ್ನಿನ ಹಾರ್ಡಿ ಬಾಯ್ಸನ್ನೂ ಒಂದೇ ಕಪಾಟಿನಲ್ಲಿ ನೋಡಿದವರಿಗೆ ಈ ಜೋಡಿ ವಿಚಿತ್ರವೆನಿಸದು. ಪುಸ್ತಕದಲ್ಲೂ ಎರಡೂ ಒಂದೇ ಕಾರ್ಖಾನೆಯ ಮಾಲು. ಎಡ್ವರ್ಡ್ ಸ್ಟ್ರಾಟ್‌ಮೆಯರ್ ಎಂಬಾತ ಕಥೆಯ ಹಂದರ ಕೊಟ್ಟು, ಬೇರೆ ಬೇರೆ ಲೇಖಕರಿಂದ ಬರೆಸಿ, ಸರಣಿಗೊಂದು ಅಂಕಿತನಾಮದಲ್ಲಿ ಅಚ್ಚು ಹಾಕಿಸಿದ್ದು. ಹುಡುಗರದು 1927ರಲ್ಲಿ ಬಂತು, ನ್ಯಾನ್ಸಿಯದು 1930ರಲ್ಲಿ.

ಆ ಏಳು ಗಂಟೆಯ ಹೊತ್ತಿಗೆ ಒಂದು ಕಟ್ಟುಪಾಡಿತ್ತು. ಭಾನುವಾರ ಏಳರಿಂದ ಎಂಟರವರೆಗೆ ದೊಡ್ಡ ವಾಹಿನಿಗಳು ಸುದ್ದಿ-ವಿಚಾರದ ಕಾರ್ಯಕ್ರಮವನ್ನೋ ಮಕ್ಕಳು-ಮನೆಮಂದಿ ನೋಡುವಂಥದ್ದನ್ನೋ ಹಾಕಬೇಕು ಎಂದು ಸರ್ಕಾರದ ಪ್ರಸಾರ ಆಯೋಗ ನಿಯಮ ಮಾಡಿತ್ತು. ಎದುರು ವಾಹಿನಿ ಸಿಬಿಎಸ್ಸಿನಲ್ಲಿ '60 ಮಿನಿಟ್ಸ್', ಎನ್‌ಬಿಸಿಯಲ್ಲಿ ಡಿಸ್ನಿ. ಹೀಗಾಗಿ ಈ ಸರಣಿಯಲ್ಲಿ ರಕ್ತ ಹರಿಯುವುದಿಲ್ಲ, ಅಪರಾಧವೆಲ್ಲ ಬಾಗಿಲ ಆಚೆ ನಡೆಯುತ್ತದೆ, ಹೆದರಿಕೆಯೆಂದರೆ ಕತ್ತಲು, ಮಂಜು ಮತ್ತು ಕಿರುಗುಟ್ಟುವ ಮೆಟ್ಟಿಲು. ಕೆಲವರಿಗೆ ಇದು ಸಪ್ಪೆ. ನನಗೆ ಇದೇ ಇಷ್ಟ. ತೋರಿಸಲು ಆಗದ್ದನ್ನು ಮಾತಿನಲ್ಲಿ, ಮುಖದಲ್ಲಿ ದಾಟಿಸಬೇಕಾದ ಒತ್ತಡ ನಟರ ಮೇಲೆ ಬೀಳುತ್ತದೆ, ಪಮೇಲಾ ಸೂ ಮಾರ್ಟಿನ್ ಅದನ್ನು ಚೆನ್ನಾಗಿ ನಿಭಾಯಿಸುತ್ತಾಳೆ. 'ಪೊಸೈಡನ್ ಅಡ್ವೆಂಚರ್' ಸಿನಿಮಾದಲ್ಲಿ ಹುಡುಗಿಯಾಗಿ ಕಂಡವಳು ಇಲ್ಲಿ ಇಪ್ಪತ್ತನಾಲ್ಕರ ಹೆಣ್ಣು. ಯಾರಾದರೂ ಸುಳ್ಳು ಹೇಳುವಾಗ ಅಡ್ಡಬಾಯಿ ಹಾಕದೆ, ತಲೆಯನ್ನು ಒಂದಿಷ್ಟು ವಾಲಿಸಿ, ಅವರು ಹೇಳಿ ಮುಗಿಸುವವರೆಗೂ ಸುಮ್ಮನಿರುತ್ತಾಳೆ. ಅವಳ ತಂದೆ ಕಾರ್ಸನ್ ಡ್ರೂ ಪಾತ್ರಕ್ಕೆ ವಿಲಿಯಂ ಶಾಲರ್ಟ್. ಮಗಳನ್ನು ತಡೆಯುವಂತೆ ನಟಿಸುತ್ತ ಒಳಗೊಳಗೇ ಹೆಮ್ಮೆಪಡುವ ವಕೀಲ ಅಪ್ಪ.

ಈಗ ಕಿಕ್ಕರ್‌ನ ಕಂತು. ಕಾಲೇಜು ತಂಡದ ಆಟಗಾರನಾಗಿ ಬರುವವನು ಮಾರ್ಕ್ ಹಾರ್ಮನ್. ಹೌದು, 2003ರಿಂದ 2021ರವರೆಗೆ 'ಎನ್‌ಸಿಐಎಸ್' ಸರಣಿಯಲ್ಲಿ ಗಿಬ್ಸ್ ಆಗಿ ಕೂತ ಅದೇ ಹಾರ್ಮನ್, ಇಲ್ಲಿ ಕೂದಲಿನ್ನೂ ಕಪ್ಪಗಿದೆ. ಕಥೆಯ ಗಂಟನ್ನು ನಾನು ಇಲ್ಲಿ ಬಿಚ್ಚುವುದಿಲ್ಲ. ಬಿಚ್ಚಿದರೆ ಐವತ್ತು ನಿಮಿಷವೂ ಇಲ್ಲದ ಕಂತಿನಲ್ಲಿ ನಿಮಗೆ ಏನು ಉಳಿಯುತ್ತದೆ? ಆದರೆ ನಟನ ಬಗ್ಗೆ ಹೇಳಲೇಬೇಕು.

ಹಾರ್ಮನ್ ಆಟಗಾರನ ವೇಷ ಹಾಕಿದ ನಟನಲ್ಲ, ನಟನಾದ ಆಟಗಾರ. ತಂದೆ ಟಾಮ್ ಹಾರ್ಮನ್ ಮಿಷಿಗನ್ ವಿಶ್ವವಿದ್ಯಾಲಯದ ಪರ ಆಡಿ, 1940ರಲ್ಲಿ ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ಗೌರವವಾದ ಹೈಸ್‌ಮನ್ ಟ್ರೋಫಿ ಗೆದ್ದವರು. ಮಗ ಲಾಸ್ ಏಂಜಲೀಸಿನ ಯುಸಿಎಲ್‌ಎ ತಂಡದಲ್ಲಿ 1972 ಮತ್ತು 1973ರಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಇಡೀ ತಂಡವನ್ನು ಆಡಿಸುವವನು. ಅವನ ಮೊದಲ ಪಂದ್ಯವೇ ನೆಬ್ರಾಸ್ಕಾ ಎದುರು. ಆ ತಂಡ 1970, 1971 ಎರಡೂ ವರ್ಷದ ಚಾಂಪಿಯನ್, ಸತತ 32 ಪಂದ್ಯ ಸೋತಿರಲಿಲ್ಲ. ಯುಸಿಎಲ್‌ಎ ಹಿಂದಿನ ವರ್ಷ ಎರಡೇ ಪಂದ್ಯ ಗೆದ್ದಿತ್ತು. ಯಾರೂ ಲೆಕ್ಕಕ್ಕಿಡದ ಈ ಹುಡುಗರು 20–17ರಿಂದ ಗೆದ್ದರು. ಆಟದಲ್ಲಿ 22 ಸೆಕೆಂಡು ಉಳಿದಿದ್ದಾಗ ಕೊನೆಯ ಮೂರು ಅಂಕ ತಂದದ್ದು ಎಫ್ರೆನ್ ಹೆರೇರಾ ಎಂಬ ಕಿಕ್ಕರ್‌ನ ಕಾಲು.

ತನ್ನ ಬದುಕಿನ ಅತಿ ದೊಡ್ಡ ಗೆಲುವನ್ನು ಬೇರೊಬ್ಬ ಕಿಕ್ಕರ್‌ನ ಕಾಲಿನಿಂದ ಪಡೆದವನು ಐದು ವರ್ಷದ ನಂತರ ಟೀವಿಯಲ್ಲಿ ತಾನೇ ಕಿಕ್ಕರ್ ಆಗಿದ್ದಾನೆ. ಆ ಕೊನೇ ಗಳಿಗೆಯಲ್ಲಿ ಬದಿಗೆ ನಿಂತು ಇನ್ನೊಬ್ಬನ ಕಾಲನ್ನೇ ನೋಡುತ್ತ ಉಸಿರು ಹಿಡಿದವನಿಗೆ ಆ ಪಾತ್ರದ ತೂಕವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಮೈದಾನದ ನಡಿಗೆ, ಹೆಲ್ಮೆಟ್ ಹಿಡಿಯುವ ರೀತಿ, ಪ್ಯಾಡಿನ ಭಾರದಡಿ ಹೆಗಲು ತಿರುಗಿಸುವ ಬಗೆ ಇವನ್ನೆಲ್ಲ ಎರಡು ವಾರದ ತಾಲೀಮಿನಲ್ಲಿ ಕಲಿಸಲಾಗದು. ಆಟದ ಸಿನಿಮಾಗಳಲ್ಲಿ ಸಾಮಾನ್ಯವಾಗಿ ಮೊದಲು ಸಿಕ್ಕಿಬೀಳುವುದು ನಾಯಕನ ದೇಹ. ಇಲ್ಲಿ ಆ ತಕರಾರಿಲ್ಲ.

ಒಂದು ಅಡ್ಡಮಾತು. ಅದೇ ವರ್ಷ, ಇದೇ ಸರಣಿಯ ಹಾರ್ಡಿ ಸಹೋದರರ ಒಂದು ಕಂತಿನಲ್ಲಿ ಗಾಯಕ ರಿಕ್ ನೆಲ್ಸನ್ ಅತಿಥಿಯಾಗಿ ಬರುತ್ತಾನೆ. ನೆಲ್ಸನ್ ಮದುವೆಯಾಗಿದ್ದು ಹಾರ್ಮನ್‌ನ ಅಕ್ಕ ಕ್ರಿಸ್ಟಿನ್‌ಳನ್ನು. ಭಾವ ಹಾರ್ಡಿಗಳ ಮನೆಗೆ, ಭಾವಮೈದುನ ನ್ಯಾನ್ಸಿಯ ಮನೆಗೆ!

ಕಂತಿನ ದೋಷಗಳನ್ನೂ ಹೇಳಬೇಕು. ಆ ಕಾಲದ ಟೀವಿಯ ಗತಿ ನಿಧಾನ. ಕಾರು ಬಂದು ನಿಲ್ಲುವುದನ್ನು, ಬಾಗಿಲು ತೆರೆಯುವುದನ್ನು, ಇಳಿದು ಮೆಟ್ಟಿಲು ಹತ್ತುವುದನ್ನು ಪೂರ್ತಿ ತೋರಿಸುತ್ತಾರೆ. ಜಾಹೀರಾತಿಗೆ ಮುಂಚೆ ಸಂಗೀತ ಏರುವುದನ್ನು ಕೇಳಿಯೇ ಮುಂದಿನ ಗಂಡಾಂತರವನ್ನು ಊಹಿಸಬಹುದು. ಪುಸ್ತಕದ ಓದುಗರಿಗೆ ಇನ್ನೊಂದು ಕೊರಗು: ಪುಸ್ತಕದಲ್ಲಿ ನ್ಯಾನ್ಸಿಯ ಗೆಳೆಯ ನೆಡ್ ನಿಕರ್ಸನ್ ತಾನೇ ಎಮರ್ಸನ್ ಕಾಲೇಜಿನ ಫುಟ್‌ಬಾಲ್ ಆಟಗಾರ. ಈ ಸರಣಿಯಲ್ಲಿ ಅವನು ಮೈದಾನದ ಗಾಳಿಯೇ ಸೋಕದ, ಕಾರ್ಸನ್ ಡ್ರೂ ಕೆಲಸಕ್ಕೆ ಕೈಜೋಡಿಸುವ ಹುಡುಗ. ಕಾಲೇಜು ಫುಟ್‌ಬಾಲಿನ ಕಥೆ ಮಾಡುವಾಗ ಮನೆಯಲ್ಲೇ ಇದ್ದ ಆಟಗಾರನನ್ನು ಬಿಟ್ಟು ಹೊರಗಿನವನನ್ನು ಕರೆದಂತಾಯಿತು. ಆದರೆ ನೆಡ್ ಸಿಕ್ಕಿಬಿದ್ದಿದ್ದರೆ ನ್ಯಾನ್ಸಿ ಅವನನ್ನು ಬಿಡಿಸಿಯೇ ತೀರುತ್ತಾಳೆಂದು ಮೊದಲ ನಿಮಿಷಕ್ಕೇ ಗೊತ್ತಾಗುತ್ತಿತ್ತು. ಪರಿಚಯವಿಲ್ಲದವನಾದರೆ ಅವನನ್ನು ನಂಬಬೇಕೋ ಬೇಡವೋ ಎಂಬ ಅಳುಕು ಉಳಿಯುತ್ತದೆ.

ಅದೇ ಸರಣಿಯಲ್ಲಿ ಹುಡುಗರ ಪಾಲು

ಸರಣಿಯನ್ನು ಪೂರ್ತಿ ನೋಡಬೇಕೆ? ಅಗತ್ಯವಿಲ್ಲ. ಹಾರ್ಡಿಗಳ ಕಂತುಗಳು ಶಾನ್ ಕ್ಯಾಸಿಡಿಯ ಮುಖ ಮತ್ತು ಹಾಡಿನ ಮೇಲೆ ನಿಂತಿವೆ. 1977ರ ಬೇಸಿಗೆಯಲ್ಲಿ ಅವನ 'ಡಾ ಡೂ ರಾನ್ ರಾನ್' ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತ್ತು, ಹುಡುಗಿಯರ ಕೋಣೆಯ ಗೋಡೆಗಳ ಮೇಲೆ ಅವನೇ. ಈ ಗುಂಪಿನಲ್ಲಿ ನಿಜವಾಗಿ ಹದಿಹರೆಯದವನು ಅವನೊಬ್ಬನೇ, ಶುರುವಾದಾಗ ಹದಿನೆಂಟು. ಅಣ್ಣನ ಪಾತ್ರದ ಪಾರ್ಕರ್ ಸ್ಟೀವನ್‌ಸನ್ ಇಪ್ಪತ್ತನಾಲ್ಕರವನು.

ಎರಡನೇ ಸೀಸನ್ನಿನಲ್ಲಿ ಎರಡೂ ತಂಡಗಳನ್ನು ಕೂಡಿಸಿ ಡ್ರಾಕುಲಾವರೆಗೂ ಕರೆದೊಯ್ದರು. ನ್ಯಾನ್ಸಿಯ ಪಾಲು ಕರಗುತ್ತ ಹೋಯಿತು, ಮಾರ್ಟಿನ್ ಬಿಟ್ಟುಹೋದಳು, ಜಾನೆಟ್ ಲೂಯಿಸ್ ಜಾನ್ಸನ್ ಕೆಲವು ಕಂತಿಗೆ ಬಂದಳು. ಮೂರನೇ ಸೀಸನ್ನಿಗೆ ನ್ಯಾನ್ಸಿಯೇ ಇಲ್ಲ. ಹುಡುಗರು ನ್ಯಾಯ ಇಲಾಖೆಯ ಕೆಲಸಕ್ಕೆ ಸೇರಿ ಗಂಭೀರವಾದರು, 1979ರ ಜನವರಿಗೆ ಅಂಗಡಿ ಮುಚ್ಚಿತು. ಒಟ್ಟು 46 ಕಂತು, ಅದರಲ್ಲಿ ನಮಗೆ ಬೇಕಾದ್ದು ಮೊದಲ ಸೀಸನ್ನಿನ ನ್ಯಾನ್ಸಿ ಅರ್ಧ ಮಾತ್ರ. ಕಿಕ್ಕರ್ ಮುಗಿಸಿ ಇನ್ನೊಂದು ಬೇಕೆನಿಸಿದರೆ 'ಫಾಲನ್ ಏಂಜಲ್ಸ್' ಕಂತಿಗೆ ಹೋಗಿ, 'ಹ್ಯಾಲೊವೀನ್' ಸಿನಿಮಾಕ್ಕೆ ಮುಂಚಿನ ಜೇಮಿ ಲೀ ಕರ್ಟಿಸ್ ಅದರಲ್ಲಿದ್ದಾಳೆ.

2002: ನ್ಯಾನ್ಸಿ ಕಾಲೇಜಿಗೆ ಸೇರಿದಾಗ

1977ರವಳು ಕಾಲೇಜು ಮೈದಾನಕ್ಕೆ ಹೊರಗಿನಿಂದ ಬರುತ್ತಾಳೆ. 2002ರವಳು ಅಲ್ಲೇ ಇದ್ದಾಳೆ. ರಿವರ್ ಹೈಟ್ಸ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಲು ಬಂದ ಮೊದಲ ವರ್ಷದ ಹುಡುಗಿ, ಜೊತೆಗೆ ಪುಸ್ತಕದ ಗೆಳತಿಯರಾದ ಬೆಸ್ ಮತ್ತು ಜಾರ್ಜ್. ಕಾಲೇಜಿನ ತಾರಾ ಫುಟ್‌ಬಾಲ್ ಆಟಗಾರ ಕಾರಣ ತಿಳಿಯದ ಹಾಗೆ ಕೋಮಾಕ್ಕೆ ಜಾರುತ್ತಾನೆ, ನ್ಯಾನ್ಸಿಯ ಮೂಗು ಅತ್ತ ತಿರುಗುತ್ತದೆ. ನಿರ್ದೇಶಕ ಜೇಮ್ಸ್ ಫ್ರಾಲಿ, 'ಮಪೆಟ್ ಮೂವಿ' ಮಾಡಿದವರು. ನ್ಯಾನ್ಸಿಯಾಗಿ ಮ್ಯಾಗಿ ಲಾಸನ್, ಮುಂದೆ 'ಸೈಕ್' ಸರಣಿಯಲ್ಲಿ ಪೊಲೀಸ್ ಅಧಿಕಾರಿಯಾದವಳು. ಜನ ಮೆಚ್ಚಿದರೆ ಸರಣಿ ಮಾಡೋಣ ಎಂಬ ಲೆಕ್ಕದಲ್ಲಿ ಡಿಸೆಂಬರ್ 15ಕ್ಕೆ ಪ್ರಸಾರ ಮಾಡಿದರು, ಸರಣಿ ಮಾತ್ರ ಆಗಲಿಲ್ಲ.

ಅಮೆರಿಕದ ಪ್ರೇಕ್ಷಕರಿಗೆ ಆ ಹೊತ್ತಿಗೆ ಗಟ್ಟಿಮುಟ್ಟಾದ ಆಟಗಾರ ಕುಸಿದುಬೀಳುವುದು ಬರೀ ಕಥೆಯಾಗಿರಲಿಲ್ಲ. 2001ರ ಆಗಸ್ಟಿನಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಆಟಗಾರನೊಬ್ಬ ಅಭ್ಯಾಸದ ವೇಳೆ ಬಿದ್ದು ತೀರಿಕೊಂಡಿದ್ದ. ಅವನ ದೇಹದಲ್ಲಿ ಎಫೆಡ್ರಾ ಎಂಬ ಉತ್ತೇಜಕ ಇರುವ ಪೂರಕ ಔಷಧಿಯ ಅಂಶ ಸಿಕ್ಕಿ ದೊಡ್ಡ ಗಲಾಟೆಯಾಗಿತ್ತು. ಎಫೆಡ್ರಾ ಪೂರಕಗಳನ್ನು ಸರ್ಕಾರ ನಿಷೇಧಿಸಿದ್ದು 2004ರಲ್ಲಿ. ಈ ಸಿನಿಮಾ ಆ ಎರಡರ ನಡುವೆ ಬಂದದ್ದು. ಅಮೆರಿಕದಲ್ಲಿರುವ ಕನ್ನಡದ ಅಪ್ಪ-ಅಮ್ಮಂದಿರಿಗೆ, ಅದರಲ್ಲೂ ಮಗನೋ ಮಗಳೋ ಮುಂದಿನ ವರ್ಷ ಆನ್ ಆರ್ಬರ್, ಆಸ್ಟಿನ್ ಥರದ ಕಾಲೇಜು ಊರಿನ ಕಡೆಗೆ ಹೊರಡುವವರಿದ್ದರೆ, ಮೂರರಲ್ಲಿ ಇದೇ ಹೆಚ್ಚು ಹತ್ತಿರ. ಹಾಸ್ಟೆಲ್ ಕೋಣೆ, ಹೊಸ ಗೆಳೆತನ, ಶನಿವಾರ ಬಂತೆಂದರೆ ಊರಿಗೆ ಊರೇ ಒಂದೇ ಬಣ್ಣದ ಅಂಗಿ ಹಾಕುವ ಹುಚ್ಚು ಏನೆಂಬುದು ಮಕ್ಕಳ ಜೊತೆ ಕೂತು ನೋಡಲು ಚೆನ್ನ. ಹನ್ನೆರಡರ ಮಕ್ಕಳಿಗೂ ಮುಜುಗರವಿಲ್ಲ. ಮಕ್ಕಳಿದ್ದರೆ ಲೆಕ್ಕ ಬೇರೆ ಎಂದದ್ದು ಇದಕ್ಕೆ, ಅಂಥ ಮನೆಗೆ ಇದೇ ಮೊದಲ ಆಯ್ಕೆ.

ಆದರೆ ಪತ್ತೇದಾರಿಕೆ ತೆಳು. ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಹೊಸ ಪಾತ್ರಗಳನ್ನೆಲ್ಲ ಪರಿಚಯಿಸಿ, ಮುಂದಿನ ಸರಣಿಗೆ ಬೀಜವನ್ನೂ ಬಿತ್ತಬೇಕಾದ ಕಾರಣ ಕೋಮಾದಲ್ಲಿರುವ ಹುಡುಗ ಬಹುಪಾಲು ಸಮಯ ಬರೀ ಕಾರಣವಾಗಿಯೇ ಉಳಿಯುತ್ತಾನೆ. ಫುಟ್‌ಬಾಲಿನ ಬದಲು ಈಜುಗಾರನನ್ನು ಮಲಗಿಸಿದ್ದರೂ ಕಥೆ ಹೀಗೇ ನಡೆಯುತ್ತಿತ್ತು ಎಂದು ನನಗೆ ಅನ್ನಿಸಿದೆ. ಕಿಕ್ಕರ್‌ನನ್ನು ಆ ಕಂತಿನಿಂದ ತೆಗೆದರೆ ಶೀರ್ಷಿಕೆಯೇ ಇರುವುದಿಲ್ಲ.

ವೆರೋನಿಕಾ: ದೊಡ್ಡವರಿಗೆ

ಮೂರನೆಯದು ಜಾತಿಯಲ್ಲೇ ಬೇರೆ. ರಾಬ್ ಥಾಮಸ್ ಸೃಷ್ಟಿಸಿದ ಸರಣಿ, 2004ರಿಂದ 2007ರವರೆಗೆ ಮೂರು ಸೀಸನ್, ವೆರೋನಿಕಾ ಆಗಿ ಕ್ರಿಸ್ಟನ್ ಬೆಲ್. ಮೊದಲೆರಡು ಸೀಸನ್ ಹೈಸ್ಕೂಲು, ಮೂರನೆಯದರಲ್ಲಿ ಅವಳು ಹರ್ಸ್ಟ್ ಕಾಲೇಜಿಗೆ ಸೇರುತ್ತಾಳೆ. ಆ ಸೀಸನ್ನಿನ ಒಂದು ಕೊಲೆಗೆ ಬಲಿಯಾಗುವವನು ಕಾಲೇಜಿನ ಬಾಸ್ಕೆಟ್‌ಬಾಲ್ ಕೋಚ್. ಫುಟ್‌ಬಾಲ್ ಅಲ್ಲ ನಿಜ. ಆದರೆ ಕಾಲೇಜು ಆಟದ ಸುತ್ತಲಿನ ಒಣಹೆಮ್ಮೆ, ಸೋತ ರಾತ್ರಿಯ ಸಿಟ್ಟು, ಕೋಚ್ ಅಪ್ಪನ ತಂಡದಲ್ಲೇ ಆಡುವ ಮಗನ ಪಾಡು ಇಷ್ಟು ಬಿಚ್ಚಿ ಹೇಳಿದ್ದು ಮೇಲಿನ ಎರಡರಲ್ಲೂ ಇಲ್ಲ.

ಅಪ್ಪ-ಮಗಳ ಜೋಡಿಯಲ್ಲಿ ಇದು ಮುಂದು. ಕಾರ್ಸನ್ ಡ್ರೂಗೆ ದೊಡ್ಡ ಮನೆ, ಹೆಸರು, ವಕೀಲಿಕೆ ಇದೆ. ವೆರೋನಿಕಾಳ ಅಪ್ಪ ಕೀತ್ ಮಾರ್ಸ್ ಕೆಲಸ ಕಳೆದುಕೊಂಡು ಖಾಸಗಿ ಪತ್ತೇದಾರಿಯ ಬೋರ್ಡು ಹಾಕಿಕೊಂಡ ಮಾಜಿ ಶೆರಿಫ್, ಅಂದರೆ ಸ್ಥಳೀಯ ಪೊಲೀಸ್ ಮುಖ್ಯಸ್ಥ. ಎನ್ರಿಕೋ ಕೊಲಾಂಟೋನಿ ಆ ಪಾತ್ರದಲ್ಲಿ ಎಷ್ಟು ಸಲೀಸಾಗಿ ನಗಿಸುತ್ತಾನೋ ಅಷ್ಟೇ ಸಲೀಸಾಗಿ ಗಂಟಲು ಕಟ್ಟಿಸುತ್ತಾನೆ. ನ್ಯಾನ್ಸಿಗೆ ತನಿಖೆ ಹವ್ಯಾಸ, ವೆರೋನಿಕಾಗೆ ಅದು ಮನೆ ನಡೆಸುವ ದುಡಿಮೆ.

ಎಚ್ಚರಿಕೆಯ ಮಾತು ಗಟ್ಟಿಯಾಗಿ ಹೇಳಬೇಕು: ಮೂರನೇ ಸೀಸನ್ನಿನ ಮೊದಲ ಒಂಬತ್ತು ಕಂತು ಕಾಲೇಜು ಆವರಣದ ಅತ್ಯಾಚಾರ ಪ್ರಕರಣಗಳ ಸುತ್ತ ಸಾಗುತ್ತವೆ. ಮಕ್ಕಳೊಂದಿಗೆ ನೋಡುವಂಥದ್ದಲ್ಲ. ಹದಿನಾರು ದಾಟಿದವರಾದರೂ ಮೊದಲು ನೀವೇ ನೋಡಿ ಆಮೇಲೆ ತೀರ್ಮಾನಿಸಿ. ಇನ್ನೊಂದು ತೊಡಕೆಂದರೆ ನೇರವಾಗಿ ಮೂರನೇ ಸೀಸನ್ನಿಗೆ ಹಾರುವ ಹಾಗಿಲ್ಲ. ಯಾರು ಯಾರ ಮೇಲೆ ಏಕೆ ಮುನಿಸಿಕೊಂಡಿದ್ದಾರೆ ತಿಳಿಯಲು ಹಿಂದಿನ ಎರಡೂ ಬೇಕು. ಆ ಹೂಡಿಕೆ ನಷ್ಟವೇನಲ್ಲ, ಮೊದಲ ಸೀಸನ್ ಮೂರರಲ್ಲೂ ಶ್ರೇಷ್ಠ.

ಬಿಟ್ಟುಬಿಡಬಹುದಾದವು

1938–39ರಲ್ಲಿ ಬೊನಿಟಾ ಗ್ರಾನ್‌ವಿಲ್ ನಟಿಸಿದ ನಾಲ್ಕು ನ್ಯಾನ್ಸಿ ಸಿನಿಮಾಗಳು ಚುರುಕಾಗಿವೆ, ಆದರೆ ಕಾಲೇಜು ಮೈದಾನಕ್ಕೂ ಅವಕ್ಕೂ ಸಂಬಂಧವಿಲ್ಲ. 2019ರಿಂದ 2023ರವರೆಗಿನ ನ್ಯಾನ್ಸಿ ಸರಣಿಯಲ್ಲಿ ದೆವ್ವ-ಭೂತವೇ ಜಾಸ್ತಿ. ಅದರ ಮೊದಲ ಸೀಸನ್ನಿನಲ್ಲಿ ಪಮೇಲಾ ಸೂ ಮಾರ್ಟಿನ್ ಅತಿಥಿಯಾಗಿ ಬರುತ್ತಾಳೆ, ಹಳಬರಿಗೆ ಅಷ್ಟೇ ಸಂತೋಷ. 2020ರ ಹಾರ್ಡಿ ಬಾಯ್ಸ್ ಸರಣಿ 1980ರ ದಶಕದಲ್ಲಿ ನಡೆಯುತ್ತದಾದರೂ ಒಂದೇ ದೊಡ್ಡ ರಹಸ್ಯವನ್ನು ಸೀಸನ್ನುದ್ದಕ್ಕೂ ಎಳೆಯುತ್ತದೆ.

ಕೊಳ್ಳುವ ಮುಂಚೆ

1977ರ ಸರಣಿಯ ಡಿವಿಡಿ ಸೀಸನ್ ಪ್ರಕಾರ ಬಂದಿವೆ, ಮೊದಲನೆಯದು 2005ರಲ್ಲಿ. ಮುಖಪುಟದಲ್ಲಿ ಹಾರ್ಡಿ ಹೆಸರು ಕಂಡ ಮಾತ್ರಕ್ಕೆ ಕೈಹಾಕಬೇಡಿ, ಒಳಗೆ ಯಾವ ಸೀಸನ್ ಎಂದು ನೋಡಿ. ಕಿಕ್ಕರ್ ಇರುವುದು ಮೊದಲ ಸೀಸನ್ನಿನ ಪೆಟ್ಟಿಗೆಯಲ್ಲಿ. ಮೂರನೇ ಸೀಸನ್ ತಂದು ನ್ಯಾನ್ಸಿಯನ್ನು ಹುಡುಕಿದರೆ ಅವಳ ನೆರಳೂ ಸಿಗುವುದಿಲ್ಲ. ಅಮೆರಿಕದಿಂದ ಯಾರಾದರೂ ತಂದುಕೊಡುವುದಾದರೆ ಇನ್ನೊಂದು ಸಂಗತಿ: ಅಲ್ಲಿನ ಡಿವಿಡಿಗಳಿಗೆ ರೀಜನ್ 1, ಭಾರತದ ಪ್ಲೇಯರುಗಳಿಗೆ ರೀಜನ್ 5. ಎಲ್ಲ ರೀಜನ್ ಓದುವ ಪ್ಲೇಯರ್ ಇಲ್ಲದಿದ್ದರೆ ಡಿಸ್ಕ್ ಒಳಗೆ ಹೋಗಿ ಹಾಗೇ ಹೊರಗೆ ಬರುತ್ತದೆ.

ಮೂರನ್ನೂ ನೋಡುವ ಉಮೇದಿದ್ದವರು ಹಳತರಿಂದ ಹೊಸತಕ್ಕೆ ಬರುವುದೇ ಒಳ್ಳೆಯದು. ವೆರೋನಿಕಾಳ ಬಿರುಸಿಗೆ ಒಗ್ಗಿಕೊಂಡ ಕಣ್ಣಿಗೆ 1977ರ ಕಾರು ಗೇಟಿನೊಳಗೆ ಬಂದು ನಿಲ್ಲುವಷ್ಟರಲ್ಲಿ ತೂಕಡಿಕೆ ಬರುತ್ತದೆ. ಹಾಗೆಯೇ ಕಿಕ್ಕರ್‌ನ ಕಂತು ಹಾಕುವ ಮುನ್ನ ಯಾವುದಾದರೂ ಕಾಲೇಜು ಪಂದ್ಯದ ಕೊನೆಯ ಎರಡು ನಿಮಿಷ ಹುಡುಕಿ ನೋಡಿ, ಫೀಲ್ಡ್ ಗೋಲಿನಲ್ಲಿ ಮುಗಿದಂಥದ್ದನ್ನು.